ಪದರದ ಜಾಡು

ಮೂರಡಿ ಇಳಿಯುವಷ್ಟರಲ್ಲಿ ಹಾರೆ ಠಣ್ ಅಂದಿತು.
ಚಿಕ್ಕಮುನಿಯ ತಲೆಯೆತ್ತಿ
‘ಬಂಡೆ’ ಅಂದ, ಯಾರಿಗೂ ಅಲ್ಲದ ಹಾಗೆ.
ವೇಮಗಲ್ಲಿನಾಚೆ, ನೀಲಗಿರಿ ತೋಪಿನ ಅಂಚು.
ತಂದ ಸೇವಂತಿಗೆ ಬಿಸಿಲಿಗೆ ಬಾಡುತ್ತಿತ್ತು.
ಜಾಗ ಬದಲಿಸಿ ಎಂದರು ಒಬ್ಬರು,
ಜೆಸಿಬಿ ಕರೆಸಿ ಎಂದರು ಇನ್ನೊಬ್ಬರು,
ನಿಮ್ಮ ಷಡ್ಡಕರು ಹೊತ್ತು ಮೀರುತ್ತದೆಂದು
ವಾಚು ನೋಡಿದರು, ಮತ್ತೆ ನೋಡಿದರು.
ನಾನು ಚಪ್ಪಲಿ ಬಿಟ್ಟೆ, ಸೆರಗು ಸಿಕ್ಕಿಸಿದೆ.
ಹೆಂಗಸರು ಇಳೀಬಾರದಮ್ಮ ಅಂದದ್ದು ಯಾರೋ,
ತಿರುಗಲಿಲ್ಲ.

ಮೇಷ್ಟ್ರೇ,
ನಿಮ್ಮ ಗುಂಡಿಗೆ ನಿಮಗಿಂತ ಮೊದಲು ಇಳಿದವಳು ನಾನು.

ಎಂಜಲು ಹಚ್ಚಿ ಉಜ್ಜಿದೆ, ನೀವು ಉಜ್ಜುತ್ತಿದ್ದ ಹಾಗೇ.
‘ಮೊದಲು ಕಲ್ಲಿನ ಮುಖ ತೊಳೀಬೇಕಮ್ಮ,
ಆಮೇಲೆ ಹೆಸರು ಕೇಳಬೇಕು.’
ಬಿಳಿ ಪಟ್ಟೆ, ಕರಿ ಪಟ್ಟೆ, ನಡುವೆ ಸಣ್ಣಗೆ ಅಭ್ರಕ.
ಗ್ನೈಸ್.
ಇನ್ನೂರೈವತ್ತು ಕೋಟಿ ವರ್ಷದಿಂದ
ಅಲ್ಲೇ ಮಲಗಿ, ಯಾರು ಬಂದರೂ ಜರುಗದ ಆಸಾಮಿ.
‘ಅಡ್ಡ ಹೊಡೀಬೇಡ ಮುನಿಯಾ,
ಪಟ್ಟೆ ಹೋದ ಕಡೆಗೇ ಉಳಿ ಇಡು.
ಅಡ್ಡ ಹೊಡೆದರೆ ನಿನ್ನ ರಟ್ಟೆ ಹೋಗುತ್ತೆ,
ಜಾಡು ಹಿಡಿದರೆ ಅದೇ ಬಿಟ್ಟುಕೊಡುತ್ತೆ.’
ಅಂದ ಮೇಲೆ ಗೊತ್ತಾಯಿತು, ದನಿಯೊಂದೇ ನನ್ನದು.

ಎಂಬತ್ತೇಳರ ಜನವರಿ, ಅಂತರಗಂಗೆಯ ಮೆಟ್ಟಿಲು.
ಹದಿನಾಲ್ಕು ಹುಡುಗರು, ಒಬ್ಬಳು ನಾನು.
ಕೋತಿ ನನ್ನ ಬುತ್ತಿ ಕಿತ್ತುಕೊಂಡಾಗ
ಬೆಟ್ಟ ಯಾರದ್ದು ಹೇಳು ಎಂದು
ನೀವು ಕೋತಿಯ ಪರ ವಕಾಲತ್ತು ಹಾಕಿದಿರಿ;
ಆಮೇಲೆ ನಿಮ್ಮ ಚಪಾತಿಯಲ್ಲಿ ಅರ್ಧ.
ಅದಕ್ಕೂ ಮೊದಲು ನಮ್ಮಪ್ಪ
ಹೆಣ್ಣುಹುಡುಗಿಗೆ ಕಲ್ಲುಮಣ್ಣು ಯಾಕೆಂದು
ಕಾಲೇಜಿಗೇ ಜಗಳಕ್ಕೆ ಬಂದಿದ್ದ.
ನೀವು ಕುರ್ಚಿ ಕೊಟ್ಟು, ತೆಲುಗಿಗೆ ಹೊರಳಿ,
ಬಾವಿ ತೋಡಿದಿರಲ್ಲ, ಎಷ್ಟಡಿಗೆ ಕಲ್ಲು ಸಿಕ್ಕಿತು,
ಬಣ್ಣ ಯಾವುದು, ನೀರು ಯಾವ ಕಡೆಯಿಂದ ಜಿನುಗಿತು,
ಕೇಳುತ್ತಲೇ ಹೋದಿರಿ.
ಅಷ್ಟು ಹೊತ್ತು ಅವನನ್ನು ಯಾರೂ ಏನೂ ಕೇಳಿರಲಿಲ್ಲ.
ರಾತ್ರಿ ಮುದ್ದೆ ಮುರಿಯುತ್ತಾ ಅಪ್ಪ ಅಂದ:
ಹೋಗಲಿ ಬಿಡು, ಕಲೀಲಿ.

ಮುಂದೆ ಒಂದೇ ಸ್ಟಾಫ್ ರೂಮು, ಒಂದೇ ಮೇಜು,
ಗಿಡ್ಡ ಕಾಲಿನ ಕೆಳಗೆ ಷಿಸ್ಟಿನ ಚೂರು.
ನೀವು ಗೆಳೆಯರಾದದ್ದು ಯಾವತ್ತೆಂದು
ಸರಿಯಾಗಿ ಹೇಳಲಾರೆ; ‘ಸಾರ್’ ಬಿಡದೆಯೇ ಆದಿರಿ.
ಬಸ್ ಸ್ಟ್ಯಾಂಡಿನ ಹಿಂದೆ ಬೈಟೂ ಟೀ,
ಪ್ರತಿ ಶನಿವಾರ ಒಂದು ಜಗಳ.

ದೊಡ್ಡ ಜಗಳ ಒಂದೇ.
ಹುಡುಗರು ಬರುವುದು ನಿಂತು ವಿಭಾಗ ಮುಚ್ಚುವ ಕಾಗದಕ್ಕೆ
ತುಟಿ ಪಿಟಕ್ಕೆನ್ನದೆ ಸಹಿ ಮಾಡಿದಿರಿ.
ಕಲ್ಲುಗಳನ್ನು ಪೇಪರಿನಲ್ಲಿ ಸುತ್ತಿ
ಲಗೇಜ್ ಆಟೋದಲ್ಲಿ ಮನೆಗೆ ಸಾಗಿಸಿದಿರಿ.
ನಾನು ಎಂಟು ತಿಂಗಳು ಮಾತು ಬಿಟ್ಟೆ.
ನನಗೆ ಪರಿಸರ ವಿಜ್ಞಾನ ಕೊಟ್ಟರು, ಪಾಠ ಮಾಡಿದೆ,
ಮಾಡಿದೆ ಅಷ್ಟೇ.
ಒಂದು ರಾತ್ರಿ ಹನ್ನೊಂದಕ್ಕೆ ಫೋನು:
‘ಏನಮ್ಮಾ, ಭೂಮಿ ಇದೆಯಾ ಇನ್ನೂ?’
‘ಇದೆ ಸಾರ್.’
‘ನಮ್ಮನ್ನು ಕೇಳದೇನೇ?’
ನಕ್ಕೆನೋ ಅತ್ತೆನೋ, ಕರೆಂಟು ಹೋಗಿತ್ತು,
ನನಗೂ ಕಾಣಲಿಲ್ಲ.

ಚಿಕ್ಕಮುನಿಯ ಏಳನೇ ಪೆಟ್ಟಿಗೆ ಬಂಡೆ
ಹಳೇ ಪುಸ್ತಕ ಬಿಚ್ಚಿಕೊಂಡಂತೆ ಬಿಚ್ಚಿಕೊಂಡಿತು.
ಮೇಲೆ ನಿಂತವರಲ್ಲಿ ನಿಮ್ಮ ಹಳೇ ಹುಡುಗನೊಬ್ಬ,
ಈಗ ಗ್ರಾನೈಟ್ ವ್ಯಾಪಾರಿ,
ಚಪ್ಪಾಳೆಗೆ ಕೈಯೆತ್ತಿ, ತಡೆದು, ಮೀಸೆ ಸವರಿಕೊಂಡ.
ನಿಮಗಾದರೆ ಇದು ಬಹಳ ಹಿಡಿಸುತ್ತಿತ್ತು.

ಒಂದು ಚೂರು ಬ್ಯಾಗಿಗೆ ಹಾಕಿಕೊಂಡು ಬಂದಿದ್ದೇನೆ.
ಚೀಟಿ ಬರೆದೆ: ಶಿಲೆ, ಊರು, ತಾರೀಖು,
ಎಷ್ಟಡಿ ಆಳದಲ್ಲಿ.
ಸಂಗ್ರಹಿಸಿದವರು ಎಂಬಲ್ಲಿ
ವೈ. ಮುನಿಯಲ್ಲಪ್ಪ ಎಂದು ಬರೆದು, ಹೊಡೆದು ಹಾಕಿ,
ಮತ್ತೆ ಅದನ್ನೇ ಬರೆದೆ.
ಕಲ್ಲು ಕಿಟಕಿಯಲ್ಲಿದೆ,
ಕೆಮ್ಮಣ್ಣು ಮೆತ್ತಿಕೊಂಡೇ ಇದೆ.
ಕ್ಷಮಿಸಿ ಸಾರ್,
ಮುಖ ತೊಳೆದಿಲ್ಲ ಇನ್ನೂ.